ಸೈಟಿನ ಮರಕ್ಕೆ ಕೊಡಲಿ ಹಾಕುವ ಮುನ್ನ: ಭರಣಿ ಗಾಳಿಯ ಸೀಮೆಯವರಿಗೊಂದು ಮಾರ್ಗದರ್ಶಿ

ನಮ್ಮ ಸೈಟಿನ ಗುಲ್‌ಮೊಹರ್ ಮರವನ್ನು ಗಾಳಿ ಬೀಳಿಸಿತು ಎಂದೇ ಬೀದಿಯವರೆಲ್ಲ ಇವತ್ತಿಗೂ ನಂಬಿದ್ದಾರೆ. ಬೀಳಿಸಿದ್ದು ನಾನು.

ಮೈಸೂರಿನ ಬೋಗಾದಿ ಕಡೆ ನಲವತ್ತು–ಅರವತ್ತರ ಸೈಟು. ಮೂಲೆಯಲ್ಲಿ ಐದೂವರೆ ಅಡಿ ಸುತ್ತಳತೆಯ ಮರ. ಮೇ ತಿಂಗಳಲ್ಲಿ ಕೆಂಪಗೆ ಹೂ ಬಿಟ್ಟರೆ ಮನೆಗೇ ಕಳೆ ಎಂದು ಉಳಿಸಿಕೊಂಡೆ. ಅದರಿಂದ ನಾಲ್ಕಡಿ ಆಚೆ ಸಂಪು ತೋಡಿಸಿದೆ. ತೋಳು ಗಾತ್ರದ ಬೇರುಗಳು ಅಡ್ಡ ಬಂದವು. ಮೇಸ್ತ್ರಿ ಕೇಳಿದ, ನಾನು ಹೂಂ ಅಂದೆ, ಅವನು ಕಡಿದು ಹಾಕಿದ. ಮರ ಒಂದೆಲೆಯನ್ನೂ ಬಾಡಿಸಲಿಲ್ಲ. ಮುಂದಿನ ಬೇಸಿಗೆಗೆ ಮೊದಲಿಗಿಂತ ಚೆನ್ನಾಗಿಯೇ ಹೂ ಬಿಟ್ಟಿತು. ಆ ಹೂವಿನ ಸಮೇತ, ಭರಣಿ ಮಳೆಯ ಒಂದು ಸಂಜೆ, ಹತ್ತು ನಿಮಿಷದ ಗಾಳಿಗೆ ಬುಡ ಕಿತ್ತುಕೊಂಡು ಪಕ್ಕದವರ ಕಾಂಪೌಂಡಿನ ಮೇಲೆ ಮಲಗಿತು. ಎದ್ದು ನಿಂತ ಬೇರಿನ ತಟ್ಟೆ ಮೂರು ಕಡೆ ಸೀಳಿ ಸಿಬಿರು ಸಿಬಿರಾಗಿತ್ತು. ಸಂಪಿನ ಕಡೆ ಮಾತ್ರ ಮೈಸೂರು ಪಾಕಿನ ಅಂಚಿನ ಹಾಗೆ ನೇರವಾಗಿತ್ತು.

ಆಮೇಲೆ ನೆಂಟರು, ಸ್ನೇಹಿತರು ಸೈಟ್ ತೆರವು ಮಾಡುವಾಗ ನನ್ನನ್ನೂ ಕರೆಯತೊಡಗಿದರು, ಕೆಟ್ಟು ಕಲಿತವನು ಎಂದು. ಮೈಸೂರಿನಲ್ಲಿ, ಮಂಡ್ಯದಲ್ಲಿ, ಪಾಂಡವಪುರದ ಕಡೆ ಹೀಗೆ ನಿಂತು ನೋಡಿದ್ದರಲ್ಲಿ ಎರಡು ಥರದ ಜನ ಕಂಡರು. ಭೂಮಿಪೂಜೆಗೆ ಮೊದಲೇ ಜೆಸಿಬಿ ಬಿಟ್ಟು ಸೈಟನ್ನು ಅಂಗೈ ಮಾಡಿಬಿಡುವವರು ಒಂದು ಬಗೆ. ನನ್ನ ಹಾಗೆ ಪ್ರೀತಿಯಿಂದ ಮರ ಉಳಿಸಿಕೊಂಡು ಅದರ ಕಾಲು ಕಡಿಯುವವರು ಇನ್ನೊಂದು ಬಗೆ. ಮನೆ ಮೇಲೆ ಮರ ಬೀಳುವುದು ಹೆಚ್ಚಾಗಿ ಈ ಎರಡನೆಯವರಿಗೆ. ಯಾವ ಮರ ಇರಬೇಕು, ಯಾವುದು ಹೋಗಬೇಕು ಎಂಬುದನ್ನು ಪಾಯದ ಗೆರೆ ಎಳೆಯುವ ಮುಂಚೆಯೇ ತೀರ್ಮಾನ ಮಾಡಬೇಕು. ಉಳಿದದ್ದೆಲ್ಲ ಆಮೇಲಿನ ಕೆಲಸ.

ನಮ್ಮ ಗಾಳಿಯ ಸ್ವಭಾವ

ನಮ್ಮದು ಕರಾವಳಿಯಲ್ಲ, ಚಂಡಮಾರುತ ನೇರವಾಗಿ ಬಡಿಯುವುದಿಲ್ಲ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಸೀಮೆ, ವರ್ಷಕ್ಕೆ ಬೀಳುವುದು ಏಳೆಂಟು ನೂರು ಮಿಲಿಮೀಟರ್ ಮಳೆ. ಜೂನ್–ಜುಲೈನಲ್ಲಿ ಬರುವುದು ಸೋನೆ. ಆಗಿನ ಪಡುವಣ ಗಾಳಿ ಜೋರಾಗಿದ್ದರೂ ಒಂದೇ ಸಮನೆ ಬೀಸುತ್ತದೆ. ಮರಗಳು ಹುಟ್ಟಿದಾಗಿನಿಂದ ಅದಕ್ಕೆ ಒಗ್ಗಿ ಬೇರು ಬಿಟ್ಟಿರುತ್ತವೆ.

ಮರ ಉರುಳುವುದು ಏಪ್ರಿಲ್ ನಡುವಿನ ಅಶ್ವಿನಿಯಿಂದ ಮೇ ಕೊನೆಯ ಕೃತ್ತಿಕೆ ದಾಟುವವರೆಗೆ. ಮಧ್ಯಾಹ್ನವೆಲ್ಲ ಕುದಿಯುತ್ತದೆ, ಸಂಜೆ ನಾಲ್ಕೈದರ ಹೊತ್ತಿಗೆ ಮೋಡ ಕಪ್ಪಿಡುತ್ತದೆ, ಮೋಡದೊಳಗಿನ ತಣ್ಣನೆ ಗಾಳಿ ಒಮ್ಮೆಗೇ ಕುಸಿದು ನೆಲಕ್ಕೆ ಬಡಿದು ಸುತ್ತಲೂ ಚೆಲ್ಲುತ್ತದೆ. ಅದಕ್ಕೆ ದಿಕ್ಕೆಂಬುದಿಲ್ಲ. ‘ಗಾಳಿ ಪಡುವಣದಿಂದ ಬರೋದು, ಮರ ಮನೆಗಿಂತ ಮೂಡಲಿಗಿದೆ, ಏನೂ ಆಗಲ್ಲ’ ಎಂಬ ಲೆಕ್ಕ ಈ ಗಾಳಿಗೆ ನಡೆಯುವುದಿಲ್ಲ. ಮನೆಯ ಯಾವ ಕಡೆ ಇದ್ದರೂ ಮರದ ಎತ್ತರದಷ್ಟು ದೂರದೊಳಗಿನದೆಲ್ಲ ಅಪಾಯದ ಜಾಗವೇ.

ಗುಲ್‌ಮೊಹರ್, ಮಳೆಮರಗಳು ತುಂಬಿದ ಹಾಯಿಯಂತಿರುವುದೂ ಇದೇ ತಿಂಗಳುಗಳಲ್ಲಿ: ಹೊಸ ಎಲೆ, ಹೂವು, ಮೇಲೆ ಮಳೆ ನೀರಿನ ಭಾರ. ಗಾಳಿಯ ವೇಗ ಎರಡು ಪಟ್ಟಾದರೆ ಮರದ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಸೆಪ್ಟೆಂಬರ್–ಅಕ್ಟೋಬರ್‌ನ ಮಳೆಯಲ್ಲಿ ಮತ್ತೊಂದು ಸುತ್ತು ಬೀಳುತ್ತವೆ. ಆಗ ಗಾಳಿಗಿಂತ ನೆನೆದು ಮೆತ್ತಗಾದ ನೆಲದ್ದೇ ಕೈವಾಡ ಹೆಚ್ಚು.

ಹಾಗಾಗಿ ಕಾಲ ಗೊತ್ತು ಮಾಡಿಕೊಳ್ಳಿ. ದೀಪಾವಳಿ ಕಳೆದ ಮೇಲೆ ಅನುಮತಿಯ ಅರ್ಜಿ, ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಕಡಿಯುವ ಕೆಲಸ, ಯುಗಾದಿ ಹೊತ್ತಿಗೆ ಸೈಟ್ ಚೊಕ್ಕಟ. ಆಗ ನೆಲ ಒಣಗಿ ಗಟ್ಟಿಯಾಗಿರುತ್ತದೆ, ಎಷ್ಟೋ ಮರಗಳು ಎಲೆ ಉದುರಿಸಿ ಬೋಳಾಗಿರುತ್ತವೆ, ಕೊಂಬೆಗಳ ಬಿರುಕು, ಒಣಗು ಎಲ್ಲ ಕಣ್ಣಿಗೆ ಬೀಳುತ್ತವೆ. ಗೂಡಿನಲ್ಲಿ ಮರಿಗಳಿದ್ದರೆ ಹಾರುವವರೆಗೆ ಕಾಯಿರಿ; ಎರಡು ಮೂರು ವಾರದಲ್ಲಿ ನಿಮ್ಮ ಗೃಹಪ್ರವೇಶವೇನೂ ನಿಲ್ಲುವುದಿಲ್ಲ.

ಮೊದಲು ಟೇಪು, ಆಮೇಲೆ ಕೊಡಲಿ

ಸೈಟಿನ ಅಳತೆಗೆ ಒಂದು ಹಾಳೆಯ ಮೇಲೆ ಗೆರೆ ಹಾಕಿ, ಪ್ರತಿ ಮರವನ್ನೂ ಗುರುತಿಸಿ. ಪಕ್ಕದ ಸೈಟಿನವು, ಬೀದಿಯವು ಕೂಡ ಬರಲಿ, ಬೀಳುವಾಗ ಅವು ಗಡಿ ಕೇಳುವುದಿಲ್ಲ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ ನಾಲ್ಕೂವರೆ ಅಡಿ ಮೇಲೆ, ಕಾಂಡದ ಸುತ್ತಳತೆ ಇಂಚಿನಲ್ಲಿ ಅಳೆದು 3.14ರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಎತ್ತರಕ್ಕೆ ನೆರಳಿನ ಲೆಕ್ಕ ಸಾಕು: ಮೂರಡಿ ಕೋಲು ನೆಟ್ಟು ಅದರ ನೆರಳು, ಅದೇ ಹೊತ್ತಿನಲ್ಲಿ ಮರದ ನೆರಳು ಅಳೆಯಿರಿ. ಕೋಲಿನ ನೆರಳು ಎರಡಡಿ, ಮರದ್ದು ಮೂವತ್ತಡಿ ಇದ್ದರೆ ಮರ ನಲವತ್ತೈದು ಅಡಿ.

ಈಗ ಬೇರಿನ ವೃತ್ತ. ಕಾಂಡದ ದಪ್ಪ ಎಷ್ಟು ಇಂಚೋ ಅಷ್ಟು ಅಡಿ ದೂರದವರೆಗೆ ಸುತ್ತಲೂ ನೆಲ ಮುಟ್ಟಬಾರದು ಎಂಬುದು ಮರ ಬಲ್ಲವರ ಒಪ್ಪಿತ ಅಂದಾಜು. ದಪ್ಪದ ಮೂರು ಪಟ್ಟು ದೂರದೊಳಗೆ ಅಗೆದರಂತೂ ಮರದ ಕಾಲನ್ನೇ ಕಡಿದ ಹಾಗೆ. ಹಾಗೆ ಅಗೆಯಲೇಬೇಕಾದರೆ ಮರ ಮೊದಲು ಹೋಗಲಿ. ನನ್ನ ಗುಲ್‌ಮೊಹರ್ ಸುತ್ತಳತೆ 66 ಇಂಚು, ದಪ್ಪ 21 ಇಂಚು. 21 ಅಡಿ ಬಿಡಬೇಕಿತ್ತು. ಮೂರು ಪಟ್ಟೆಂದರೂ ಐದೂಕಾಲು ಅಡಿ. ನಾನು ನಾಲ್ಕಡಿಗೆ ತೋಡಿಸಿದ್ದೆ.

ಮೂವತ್ತು–ನಲವತ್ತರ ಸೈಟಿನಲ್ಲಿ ಈ ವೃತ್ತ ಹಾಕಿ ನೋಡಿ. ನಡುವೆ ಎರಡಡಿ ದಪ್ಪದ ಮರವಿದ್ದರೆ ಹೆಚ್ಚುಕಡಿಮೆ ಸೈಟೆಲ್ಲ ಅದರೊಳಗೇ ಬರುತ್ತದೆ. ಅಂಥ ಸೈಟಿನಲ್ಲಿ ದೊಡ್ಡ ಮರ ಉಳಿಸಿ ಮನೆ ಕಟ್ಟುತ್ತೇವೆ ಎನ್ನುವುದು ಚೆಂದದ ಮಾತು ಅಷ್ಟೆ. ನಲವತ್ತು–ಅರವತ್ತು, ಐವತ್ತು–ಎಂಬತ್ತರಲ್ಲಿ ದಾರಿಯಿದೆ. ಸೈಜುಗಲ್ಲಿನ ಉದ್ದುದ್ದ ಪಾಯದ ಬದಲು ಮರದ ಮಗ್ಗುಲಲ್ಲಿ ಕಾಲಮ್ ನಿಲ್ಲಿಸಿ, ನೆಲದಿಂದ ಮೇಲೆ ಪ್ಲಿಂಥ್ ಬೀಮ್, ಅಂದರೆ ಗೋಡೆ ಹೊರುವ ಕಾಂಕ್ರೀಟ್ ತೊಲೆ, ದಾಟಿಸಿದರೆ ಬೇರು ಬೀಮಿನ ಕೆಳಗೆ ಹಾಯಾಗಿರುತ್ತದೆ. ಸಂಪು, ಪಿಟ್ಟು, ಒಳಚರಂಡಿ ಪೈಪು ಎಲ್ಲವನ್ನೂ ಮರವಿಲ್ಲದ ಕಡೆಗೆ ತಿರುಗಿಸಿ. ಮನೆಯ ನಕ್ಷೆ ಬರೆಯುವವರು ಮರವನ್ನು ಹಸಿರು ಬೊಟ್ಟಿಟ್ಟು ತೋರಿಸುತ್ತಾರೆ, ಬೇರನ್ನು ತೋರಿಸುವುದಿಲ್ಲ. ವೃತ್ತವನ್ನು ನೀವೇ ಎಳೆದು ಕೊಡಿ.

ಮಂಡ್ಯದ ಗದ್ದೆ ಬಯಲಿನ ಸೈಟುಗಳ ಮಾತು ಬೇರೆ

ಮೈಸೂರಿನ ಕೆಂಪು ನೆಲದಲ್ಲಿ ಬೇರು ಆಳಕ್ಕೆ ಇಳಿಯಲು ಅವಕಾಶವಿದೆ. ಕನ್ನಂಬಾಡಿ ಕಟ್ಟೆಯಾದ ಮೇಲೆ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಬಯಲು ಹಾಗಲ್ಲ. ಭತ್ತ, ಕಬ್ಬು ಬೆಳೆದ ತಗ್ಗಿನಲ್ಲಿ ನಾಲೆ ಬಿಟ್ಟಾಗ ಮೂರು ನಾಲ್ಕು ಅಡಿಗೇ ನೀರು. ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದು, ಗಾಳಿಯಾಡದ ಕಡೆ ಬೇರು ಇಳಿಯದು. ಅಲ್ಲಿನ ಮರದ ಬೇರು ಅಗಲಕ್ಕೆ ಹರಡಿದ ರೊಟ್ಟಿಯ ಹಾಗೆ ತೆಳ್ಳಗಿರುತ್ತದೆ.

ಗದ್ದೆಯಲ್ಲಿ ಮರ ಬೆಳೆಯುವುದು ಬದುವಿನ ಮೇಲೆ. ಬಡಾವಣೆ ಮಾಡುವವರು ಬದುವನ್ನು ಎರಡೂ ಕಡೆಯಿಂದ ಕೆತ್ತಿ ನೆಲ ಸಮ ಮಾಡುತ್ತಾರೆ, ಇಲ್ಲವೇ ಗ್ರಾವೆಲ್ ತುಂಬಿ ಎತ್ತರಿಸುತ್ತಾರೆ. ಕೆತ್ತಿದರೆ ಬೇರು ಹೋಯಿತು. ತುಂಬಿದರೆ ಬೇರಿಗೆ ಉಸಿರು ಕಟ್ಟಿ ಮರ ಎರಡು ಮೂರು ವರ್ಷದಲ್ಲಿ ಮೆಲ್ಲಗೆ ಸಾಯುತ್ತದೆ. ಮೇಲೆ ನಾಲ್ಕು ಹಸಿರೆಲೆ ಇರುವತನಕ ಯಾರಿಗೂ ತಿಳಿಯುವುದಿಲ್ಲ. ಪರೀಕ್ಷೆ ಸುಲಭ. ಸಹಜವಾಗಿ ಬೆಳೆದ ಮರದ ಬುಡ ನೆಲ ಮುಟ್ಟುವಲ್ಲಿ ಆನೆ ಪಾದದ ಹಾಗೆ ಅಗಲವಾಗಿರುತ್ತದೆ. ವಿದ್ಯುತ್ ಕಂಬ ನೆಟ್ಟ ಹಾಗೆ ನೇರ ನೆಲದೊಳಕ್ಕೆ ಹೋಗಿದ್ದರೆ ಮಣ್ಣು ತುಂಬಿಸಿದ್ದಾರೆ ಎಂದೇ ಅರ್ಥ. ಅಂಥ ಮರವನ್ನು ಉಳಿಸಿಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ.

ಮರದ ಮೈ ನೋಡುವುದು

ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬುಡದಿಂದ ತುದಿಗೆ ನೋಡುತ್ತ ಹೋಗಿ. ಬುಡದಲ್ಲಿ ಅಣಬೆ ಎದ್ದಿದೆಯೇ? ಒಳಗೆ ಕೊಳೆಯುತ್ತಿದೆ. ಮರದ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಟೊಳ್ಳು ಡೋಲಿನ ಸದ್ದು ಬರುತ್ತದೆಯೇ? ಪೊಟರೆಯಿದೆ. ಒಂದು ಕಡೆ ನೆಲ ಉಬ್ಬಿ ಬಿರುಕು ಬಿಟ್ಟಿದೆಯೇ? ಮರ ಆಗಲೇ ಅಲುಗಿದೆ, ಇದನ್ನು ಕಂಡರೆ ವಾರವೂ ತಡೆಯಬೇಡಿ. ಓರೆಯಾಗಿರುವುದೇ ತಪ್ಪಲ್ಲ, ಬಿಸಿಲು ಹುಡುಕಿಕೊಂಡು ಬಾಗಿದ ಮರದ ತುದಿ ಮತ್ತೆ ಮೇಲಕ್ಕೆ ತಿರುಗಿರುತ್ತದೆ. ಬುಡದಿಂದ ತುದಿಯವರೆಗೆ ಕೋಲಿನಂತೆ ನೇರವಾಗಿ ವಾಲಿದ್ದರೆ ಅದು ಇತ್ತೀಚಿನ ವಾಲು.

ಕವೆ ನೋಡಿ. ಎರಡು ದಪ್ಪ ಕೊಂಬೆ ಅಗಲವಾಗಿ ಸೇರಿದ್ದರೆ ಬಲ. ಕಿರಿದಾಗಿ ಒತ್ತಿಕೊಂಡು, ನಡುವೆ ತೊಗಟೆ ಒಳಕ್ಕೆ ಮಡಚಿಕೊಂಡಿದ್ದರೆ ಅಲ್ಲಿ ಮರಕ್ಕೆ ಮರ ಕೂಡಿಲ್ಲ. ಬಿರುಗಾಳಿಗೆ ಸೀಳುವುದು ಅಲ್ಲೇ. ಒಂದಡಿ ದಪ್ಪ, ಹತ್ತಡಿ ಉದ್ದದ ಹಸಿ ಕೊಂಬೆ ಹೆಚ್ಚುಕಡಿಮೆ ಎರಡು ಕ್ವಿಂಟಲ್ ತೂಗುತ್ತದೆ. ಅದು ಶೀಟಿನ ಮೇಲೆ ಬಿದ್ದರೆ ಏನಾದೀತೆಂದು ಲೆಕ್ಕ ಹಾಕಿಕೊಳ್ಳಿ.

ಜಾತಿಯ ಬಗ್ಗೆ ನನ್ನ ಪಟ್ಟಿ ಕೊಂಚ ಕಟು. ಗುಲ್‌ಮೊಹರ್, ಹಳದಿ ಹೂವಿನ ಪೆಲ್ಟೊಫೋರಂ, ಮಕ್ಕಳು ನೀರುಕಾಯಿ ಅನ್ನುವ ಸ್ಪಾಥೋಡಿಯಾ, ಆಕಾಶಮಲ್ಲಿಗೆ ಇವು ಮನೆಯಿಂದ ದೂರವಿದ್ದರೆ ಚೆಂದ. ಒಂದರದು ಮೇಲುಬೇರು, ಇನ್ನೊಂದರದು ಪೆಡಸು ಕೊಂಬೆ. ಸಿಲ್ವರ್ ಓಕ್, ನೀಲಗಿರಿ ಒಂಟಿಯಾಗಿ ಎತ್ತರ ಬೆಳೆದಿದ್ದರೆ ನಡುವಿಗೇ ಮುರಿಯುತ್ತವೆ. ನುಗ್ಗೆ ಮುರಿಯುವುದು ಗೊತ್ತಿದ್ದದ್ದೇ, ಆದರೆ ಹಗುರ. ಅದರಿಂದ ಸಾರಿಗೆ ನಷ್ಟ, ಸೂರಿಗಲ್ಲ. ಮಳೆಮರ ರಸ್ತೆಗೆ, ಮೈದಾನಕ್ಕೆ ಸರಿ, ಸೈಟಿಗಲ್ಲ. ಅರಳಿ, ಆಲ ಬೀಳುವುದು ಕಡಿಮೆ, ಗೋಡೆ ಸೀಳುವುದು ಹೆಚ್ಚು. ಹುಣಸೆ, ಬೇವು, ಹೊಂಗೆ, ಹಲಸು, ರಂಜ ಆರೋಗ್ಯವಾಗಿದ್ದರೆ ಗಾಳಿಗೆ ನಿಲ್ಲುವ ಜಾತಿ. ಬೇರಿನ ವೃತ್ತಕ್ಕೆ ಜಾಗವಿದ್ದರೆ ಇವನ್ನು ಉಳಿಸಲು ಪಟ್ಟ ಪಾಡು ದಂಡವಾಗದು.

ತೆಂಗಿನ ವಿಷಯಕ್ಕೆ ಬೇರೆ ಲೆಕ್ಕ. ದಪ್ಪ ಬೇರುಗಳಿಲ್ಲ, ಬೆರಳು ಗಾತ್ರದ ಸಾವಿರಾರು ತಂತು ಬೇರುಗಳು. ನಾಲ್ಕು ಬೇರು ಕಡಿದರೂ ತಡೆದುಕೊಳ್ಳುತ್ತದೆ, ಗಾಳಿಗೆ ಬಾಗುತ್ತದೆ. ಹೆದರಬೇಕಾದ್ದು ರೋಗಕ್ಕೆ. ಬುಡದಿಂದ ಮೇಲಕ್ಕೆ ಕಂದು ರಸ ಸೋರುತ್ತಿದ್ದರೆ, ಕೆಳಗಿನ ಗರಿಗಳು ಜೋತು ಬಿದ್ದು ಬುಡದಲ್ಲಿ ಅಣಬೆ ಎದ್ದಿದ್ದರೆ ಅದು ಅಣಬೆ ರೋಗ. ಕಾಂಡದಲ್ಲಿ ತೂತು, ತೂತಿನಲ್ಲಿ ಅಗಿದ ನಾರು ಕಂಡರೆ ಕೆಂಪು ಮೂತಿ ಹುಳು. ಸಿಡಿಲು ಬಡಿದ ತೆಂಗನ್ನೂ ಮನೆ ಪಕ್ಕ ಇಟ್ಟುಕೊಳ್ಳಬೇಡಿ. ಆರೋಗ್ಯದ ತೆಂಗಾದರೂ ಗರಿಯ ಹರವು ಚಾವಣಿಯಿಂದ, ಕಾರು ನಿಲ್ಲುವ ಜಾಗದಿಂದ ಆಚೆ ಇರಲಿ. ಕಾಯಿ ಬೀಳಲು ಬಿರುಗಾಳಿಯೇ ಬೇಕಿಲ್ಲ.

ಇನ್ನೊಂದು ಎಚ್ಚರ. ಗುಂಪಿನಲ್ಲಿ ಬೆಳೆದ ಮರಗಳು ಒಂದನ್ನೊಂದು ಗಾಳಿಯಿಂದ ಕಾಯುತ್ತಿರುತ್ತವೆ. ಐದರಲ್ಲಿ ನಾಲ್ಕು ಕಡಿದು ಉದ್ದನೆಯ ಒಂದನ್ನು ಬಿಟ್ಟರೆ, ಅಲ್ಲಿಯವರೆಗೆ ಗಾಳಿಯನ್ನೇ ಕಾಣದಿದ್ದ ಅದು ಮೊದಲ ಬೇಸಿಗೆಗೇ ಹೋಗುತ್ತದೆ. ಉಳಿಸುವುದಾದರೆ ಎರಡು ಮೂರನ್ನು ಒಟ್ಟಿಗೆ ಉಳಿಸಿ, ಇಲ್ಲವೇ ಮೊದಲಿನಿಂದ ಬಯಲಲ್ಲೇ ಬೆಳೆದ ಗಿಡ್ಡ, ದಪ್ಪ ಮರವನ್ನು ಆರಿಸಿಕೊಳ್ಳಿ.

ಅನುಮತಿ

ಸೈಟು ನಿಮ್ಮ ಹೆಸರಿಗಿದ್ದ ಮಾತ್ರಕ್ಕೆ ಮರ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಲಿಖಿತ ಅನುಮತಿ ಬೇಕು. ಅರಣ್ಯ ಇಲಾಖೆಯ ಅಧಿಕಾರಿಗಳೇ ಆ ಕೆಲಸ ನೋಡುತ್ತಾರೆ. ಮೈಸೂರಿನವರು ಅಶೋಕಪುರಂನ ಅರಣ್ಯ ಭವನದಲ್ಲಿ ವಿಚಾರಿಸಬಹುದು, ಮಂಡ್ಯ ಜಿಲ್ಲೆಯವರು ತಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ, ಹಾಲುವಾಣ, ಬಳ್ಳಾರಿ ಜಾಲಿ ಇಂಥ ಕೆಲವಕ್ಕೆ ಕಾಯ್ದೆಯಲ್ಲೇ ವಿನಾಯಿತಿಯಿದೆ. ಪಟ್ಟಿ ತಿದ್ದುಪಡಿಯಾಗುತ್ತಿರುತ್ತದೆ, ನಿಮ್ಮ ಮರದ ಹೆಸರು ಹೇಳಿ ಕೇಳಿಕೊಳ್ಳಿ.

ಅರ್ಜಿಯ ಜೊತೆ ಖಾತೆ, ಕಂದಾಯ ರಸೀದಿಯ ನಕಲು, ಮರದ ಜಾಗ ತೋರಿಸುವ ನಿಮ್ಮ ಹಾಳೆ, ಜಾತಿ, ಸುತ್ತಳತೆ, ನಾಲ್ಕು ಕಡೆಯ ಫೋಟೊ ಇಡಿ. ‘ಮನೆ ಕಟ್ಟಲು ಅಡ್ಡಿ’ ಎಂದು ಒಂದೇ ಸಾಲು ಬರೆಯುವವರೇ ಹೆಚ್ಚು. ‘ಬುಡದಲ್ಲಿ ಪೊಟರೆ, ನಲವತ್ತಡಿ ಎತ್ತರ, ಪಕ್ಕದ ಮನೆಗೆ ಹದಿನೆಂಟು ಅಡಿ ದೂರ’ ಎಂದು ಬರೆದರೆ ನೋಡಲು ಬಂದವರ ಕೆಲಸ ಹಗುರ. ಒಣಗಿದ, ರೋಗ ಬಿದ್ದ, ಗಾಳಿಗೆ ಉರುಳಿದ, ಜೀವಕ್ಕೆ ಆಸ್ತಿಗೆ ಅಪಾಯವಾದ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಕಡಿದದ್ದಕ್ಕೆ ಬದಲು ಗಿಡ ನೆಡಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ನಾಟಾವನ್ನು ಬೇರೆಡೆ ಸಾಗಿಸುವುದಿದ್ದರೆ ಸಾಗಣೆ ಪರವಾನಗಿ ಬೇಕೇ ಎಂಬುದನ್ನು ಅದೇ ಭೇಟಿಯಲ್ಲಿ ಕೇಳಿ. ತೇಗದಂಥ ಮರ ಲಾರಿ ಹತ್ತಿದ ಮೇಲೆ ಕೇಳುವುದಲ್ಲ.

ಸೈಟಿನ ಬೇಲಿಯಲ್ಲಿ ತಾನಾಗಿ ಹುಟ್ಟಿದ ಶ್ರೀಗಂಧದ ಗಿಡವಿದ್ದರೆ ಮುಟ್ಟಲೇಬೇಡಿ. ಟಿಪ್ಪುವಿನ ಕಾಲದಿಂದ ರಾಜವೃಕ್ಷವಾಗಿದ್ದ ಮರ ಅದು. 2001ರ ತಿದ್ದುಪಡಿಯಿಂದ ಒಡೆತನ ಜಮೀನಿನವರಿಗೆ ಬಂದಿದೆ, ಆದರೂ ಕಡಿಯಬೇಕಾದರೆ ಅರಣ್ಯ ಇಲಾಖೆಯ ಮೂಲಕವೇ ಆಗಬೇಕು, ಒಣಗಿದ್ದರೂ ಸರಿ. ಬೀದಿಬದಿಯ ಮರ ನಿಮ್ಮ ಗೇಟಿಗೆ ಅಡ್ಡವಿದ್ದರೂ ಅದು ನಿಮ್ಮದಲ್ಲ, ಅದಕ್ಕೂ ಅರ್ಜಿಯೇ ದಾರಿ. ಪಕ್ಕದ ಸೈಟಿನ ಮರಕ್ಕೆ ಮಾತ್ರ ಅರ್ಜಿಗಿಂತ ಮೊದಲು ಒಂದು ಲೋಟ ಕಾಫಿ.

ಕಡಿಯುವ ದಿನ

ಗರಗಸದ ಯಂತ್ರ ಬಾಡಿಗೆಗೆ ಸಿಗುತ್ತದೆ ಎಂದು ನೀವೇ ಕೈ ಹಾಕಬೇಡಿ. ಇಲ್ಲಿ ಬರೆಯುವುದು ನಿಮ್ಮ ಸೈಟಿನಲ್ಲಿ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಲು.

ಸೌದೆಯವರು ಬಂದು ‘ದುಡ್ಡೇ ಬ್ಯಾಡ ಸಾ, ಮರ ನಮಗ್ ಬುಡಿ, ಒಂದ್ ಗಂಟೆ ಕೆಲ್ಸ’ ಅನ್ನುತ್ತಾರೆ. ಬೆಲೆ ಬಾಳುವ ದಿಮ್ಮಿ ಹೋಗುತ್ತದೆ. ಸೊಪ್ಪು, ಬೊಡ್ಡೆ, ಮುರಿದ ಕಾಂಪೌಂಡು ನಿಮಗೆ ಉಳಿಯುತ್ತದೆ. ಕೂಲಿ ಕೊಟ್ಟೇ ಮಾಡಿಸಿ. ಬೊಡ್ಡೆ ತೆಗೆಯುವುದು, ಸೊಪ್ಪು ಸಾಗಿಸುವುದು, ಅಕ್ಕಪಕ್ಕ ಏನಾದರೂ ಒಡೆದರೆ ಯಾರು ಕಟ್ಟಿಕೊಡುವುದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪಕ್ಕದವರ ಸೋಲಾರ್, ನೀರಿನ ಟ್ಯಾಂಕು, ಗೋಡೆಯಲ್ಲಿ ಆಗಲೇ ಇದ್ದ ಬಿರುಕುಗಳ ಫೋಟೊ ಹಿಂದಿನ ದಿನವೇ ತೆಗೆದಿಟ್ಟುಕೊಳ್ಳಿ.

ತಂತಿ ಹತ್ತಿರವಿದ್ದರೆ, ನಮ್ಮ ಕಡೆ ಕರೆಂಟು ಕೊಡುವ ಚೆಸ್ಕಾಂನ ಉಪವಿಭಾಗದ ಕಚೇರಿಗೆ ಮೊದಲೇ ಬರೆದು ಕೊಟ್ಟು, ಅವರ ಲೈನ್‌ಮನ್ ಬಂದು ಲೈನ್ ಕಡಿದು ಹೇಳಿದ ಮೇಲೇ ಮರ ಹತ್ತಬೇಕು. ‘ಈಗ ಕರೆಂಟ್ ಹೋಗಿದೆ, ಬೇಗ ಬೇಗ’ ಎಂಬ ಉಪಾಯ ಜೀವ ತೆಗೆದದ್ದಿದೆ. ಹೋದ ಕರೆಂಟು ಹೇಳದೆ ಬರುತ್ತದೆ, ಸರಿಯಾಗಿ ಜೋಡಿಸದ ಯಾರದೋ ಮನೆಯ ಜನರೇಟರ್‌ನಿಂದ ಹಿಂದಕ್ಕೂ ಹರಿಯುತ್ತದೆ. ಹಸಿ ಕೊಂಬೆ ಸಾಕಷ್ಟು ಚೆನ್ನಾಗಿಯೇ ವಿದ್ಯುತ್ ಹರಿಸುತ್ತದೆ.

ಜೆಸಿಬಿಯಿಂದ ಮರವನ್ನು ದೂಡಿ ಬೀಳಿಸುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಬೇಡ. ಎತ್ತ ಬೀಳುತ್ತದೆ ಎಂಬುದು ಚಾಲಕನ ಕೈಯಲ್ಲಿರುವುದಿಲ್ಲ. ನಡುವಿಗೆ ಮುರಿದು ಅವನ ಕ್ಯಾಬಿನ್ ಮೇಲೇ ಬೀಳಬಹುದು. ಏಳುವ ಬೇರು ನೀರಿನ ಪೈಪು, ಪಕ್ಕದ ಪಾಯ ಎರಡನ್ನೂ ಎಳೆದು ತರುತ್ತದೆ.

ಮನೆಗಳ ನಡುವಿನ ಸೈಟಿನಲ್ಲಿ ಮರವನ್ನು ಬೀಳಿಸುವುದಲ್ಲ, ಇಳಿಸುವುದು. ತುದಿಯಿಂದ ಬುಡಕ್ಕೆ, ತುಂಡು ತುಂಡಾಗಿ. ಹತ್ತುವವನ ಸೊಂಟಕ್ಕೆ ಪಟ್ಟಿ, ಅದರ ಹಗ್ಗ ಕೊಯ್ಯುತ್ತಿರುವ ಕೊಂಬೆಗಲ್ಲ, ಗಟ್ಟಿ ಕಾಂಡಕ್ಕೆ. ಕೊಂಬೆಗೊಂದು ಹಗ್ಗ; ಅದನ್ನು ಮೇಲಿನ ಕವೆಯ ಮೂಲಕ ಹಾಯಿಸಿ, ಕೆಳಗೆ ಬೇರೊಂದು ಮರಕ್ಕೆ ಎರಡು ಸುತ್ತು ಹಾಕಿ ಸಡಿಲಿಸುತ್ತ ಇಳಿಸಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವವನನ್ನು ಕಂಡರೆ ಕೆಲಸ ನಿಲ್ಲಿಸಿ. ದಪ್ಪ ಕೊಂಬೆಗೆ ಮೂರು ಕೊಯ್ತ: ಮೊದಲು ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಕಾಲುಭಾಗ, ಎರಡನೆಯದು ಅದಕ್ಕಿಂತ ಕೊಂಚ ಹೊರಗೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಕಾಂಡದ ಬಳಿ. ಮೇಲಿನಿಂದ ಒಂದೇ ಏಟಿಗೆ ಕೊಯ್ದರೆ ಕೊಂಬೆ ತನ್ನ ಭಾರಕ್ಕೆ ತೊಗಟೆಯನ್ನು ಬುಡದವರೆಗೂ ಸುಲಿದುಕೊಂಡು ಜೋತಾಡುತ್ತದೆ.

ಬಯಲು ಸಾಕಷ್ಟಿದ್ದು ಒಂದೇ ಸಲಕ್ಕೆ ಬೀಳಿಸುವುದಾದರೆ, ಬೀಳಬೇಕಾದ ಕಡೆಗೆ ದಪ್ಪದ ಐದನೇ ಒಂದು ಅಥವಾ ಕಾಲು ಭಾಗದಷ್ಟು ಬಾಯಿ ಕೊಯ್ದು, ಹಿಂದಿನಿಂದ ಆ ಬಾಯಿಗಿಂತ ಸ್ವಲ್ಪ ಮೇಲೆ ಕೊಯ್ಯುತ್ತಾರೆ. ನಡುವೆ ದಪ್ಪದ ಹತ್ತನೇ ಒಂದು ಭಾಗ ಉಳಿಯಲೇಬೇಕು. ಬಾಗಿಲಿಗೆ ತಿರುಗಣಿಯಿದ್ದಂತೆ ಮರವನ್ನು ಹಿಡಿದು ಮಲಗಿಸುವುದು ಅದೇ. ಅದನ್ನೂ ಕೊಯ್ದುಬಿಟ್ಟರೆ ಮರ ಮನಸ್ಸು ಬಂದ ಕಡೆ. ಕೊಯ್ಯುವವನು ಹಿಂದಕ್ಕೆ ಓರೆಯಾಗಿ ಓಡಲು ಜಾಗ ಮೊದಲೇ ಸವರಿಕೊಂಡಿರಬೇಕು. ಮಿಕ್ಕವರೆಲ್ಲ ಮರದ ಎತ್ತರದ ಎರಡು ಪಟ್ಟು ದೂರ. ಗಾಳಿ ಎದ್ದರೆ, ಹನಿ ಬಿದ್ದರೆ ಅಂದಿಗೆ ಮುಗಿಯಿತು.

ಕೊಡಲಿ ಹಾಕುವ ಮುಂಚೆ ನಮ್ಮ ಹಳೇ ಆಳುಗಳು ಬುಡಕ್ಕೆ ಒಂದು ಚೊಂಬು ನೀರು ಹಾಕಿ, ಊದುಕಡ್ಡಿ ಹಚ್ಚಿ, ಮರದಲ್ಲಿರುವ ಜೀವಗಳಿಗೆಲ್ಲ ಎದ್ದು ಹೋಗಿ ಎಂದು ಹೇಳುವುದುಂಟು. ಅತ್ತಿ, ಬನ್ನಿ, ಅರಳಿಯಾದರೆ ಕೆಲವರು ಕೈಯನ್ನೇ ಹಾಕುವುದಿಲ್ಲ, ಬೇರೆಯವರನ್ನು ಹುಡುಕಬೇಕಾಗುತ್ತದೆ. ಆ ಐದು ನಿಮಿಷದಲ್ಲಿ ಎಲ್ಲರೂ ಸುಮ್ಮನೆ ನಿಂತು ಮರವನ್ನು ಮೇಲಿಂದ ಕೆಳಗೆ ನೋಡುತ್ತಾರಲ್ಲ, ಜೇನುಗೂಡು ಕಣ್ಣಿಗೆ ಬೀಳುವುದು ಆಗಲೇ. ನಾನೇ ಒಮ್ಮೆ ಕಂಡಿದ್ದೇನೆ.

ಬೊಡ್ಡೆ ಮತ್ತು ಗುಂಡಿ

ಬೊಡ್ಡೆಯನ್ನು ನೆಲದ ಮಟ್ಟಕ್ಕೆ ಕೊಯ್ದು ಮೇಲೆ ಮಣ್ಣೆಳೆದು ಕಾಂಕ್ರೀಟ್ ಹಾಕುವವರಿದ್ದಾರೆ. ನಾಲ್ಕೈದು ವರ್ಷದಲ್ಲಿ ಬೊಡ್ಡೆ ಕೊಳೆತು ನೆಲ ಕುಸಿಯುತ್ತದೆ. ಅದಕ್ಕೂ ಮೊದಲೇ ಗೆದ್ದಲು ಅಲ್ಲಿಂದ ಬಾಗಿಲ ಚೌಕಟ್ಟಿಗೆ ದಾರಿ ಮಾಡಿಕೊಂಡಿರುತ್ತದೆ. ಕಟ್ಟಡದ ಕೆಳಗೆ ಬರುವ ಬೊಡ್ಡೆ, ಮಣಿಕಟ್ಟಿಗಿಂತ ದಪ್ಪದ ಬೇರು ಎಲ್ಲ ಹೊರಗೆ ಬರಲಿ. ಜೆಸಿಬಿಗೆ ಸರಿಯಾದ ಕೆಲಸ ಇದು. ಗುಂಡಿಗೆ ಕೊಂಬೆ ಕಸ ತುಂಬದೆ ಒಳ್ಳೆ ಮಣ್ಣನ್ನು ಅರ್ಧರ್ಧ ಅಡಿಯ ಪದರವಾಗಿ ಹಾಕಿ, ನೀರು ಬಿಟ್ಟು, ದಮ್ಮಸ್ಸು ಮಾಡುತ್ತ ಮೇಲೆ ಬನ್ನಿ. ಕಾಲಮ್ ಆ ಗುಂಡಿಯ ಮೇಲೇ ಬರುವುದಾದರೆ ಎಂಜಿನಿಯರಿಗೆ ಹೇಳಿ, ಗಟ್ಟಿ ನೆಲ ಸಿಗುವವರೆಗೆ ಆಳ ಇಳಿಸಬೇಕಾಗುತ್ತದೆ.

ಜಿಗುಟು ಎರೆಮಣ್ಣಿನ ಸೈಟಾದರೆ ಇನ್ನೊಂದು ಮಾತಿದೆ. ದೊಡ್ಡ ಮರ ದಿನವೂ ಹೀರುತ್ತಿದ್ದ ನೀರು ಕಡಿದ ಮೇಲೆ ಮಣ್ಣಿನಲ್ಲೇ ಉಳಿದು, ಮಣ್ಣು ಮೆಲ್ಲಗೆ ಉಬ್ಬುತ್ತದೆ. ಒಂದು ಮಳೆಗಾಲ ಕಳೆಯಲು ಬಿಟ್ಟು ಪಾಯ ಹಾಕಿದರೆ ಗೋಡೆ ಬಿರುಕು ಎಷ್ಟೋ ತಪ್ಪುತ್ತದೆ. ಮೈಸೂರಿನ ಕೆಂಪು ಮಣ್ಣಿನವರಿಗೆ ಈ ತಾಪತ್ರಯ ಕಡಿಮೆ.

ಉಳಿಸಿಕೊಂಡ ಮರಕ್ಕೆ

ಕೆಲಸ ಶುರುವಾಗುವ ದಿನವೇ ಬೇರಿನ ವೃತ್ತಕ್ಕೆ ಗೂಟ ಹೊಡೆದು ಹಗ್ಗ ಕಟ್ಟಿ. ಇಲ್ಲದಿದ್ದರೆ ಜಲ್ಲಿ, ಎಂ ಸ್ಯಾಂಡ್, ಸಿಮೆಂಟ್ ತೊಳೆದ ನೀರು ಎಲ್ಲಕ್ಕೂ ಮರದ ಬುಡವೇ ಜಾಗ, ನೆರಳಿದೆಯಲ್ಲ. ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ಟಬೇಡಿ, ಕಟ್ಟಿದ್ದರೆ ಒಡೆಯಿರಿ.

ಬಿರುಗಾಳಿಗೆ ಹೆದರಿ ತಲೆ ಹಾರಿಸುವುದು ಇನ್ನೊಂದು ತಪ್ಪು. ಬೋಳು ಮಾಡಿದ ಕಾಂಡದಿಂದ ಚಿಗುರುವ ಕೊಂಬೆಗಳು ತೊಗಟೆಗೆ ಅಂಟಿಕೊಂಡಂತಿರುತ್ತವೆ, ಮೂರು ನಾಲ್ಕು ವರ್ಷದಲ್ಲಿ ಉದ್ದವಾಗಿ ಅವೇ ಮೊದಲು ಕಿತ್ತು ಬೀಳುತ್ತವೆ. ಒಣಗಿದ್ದು, ಉಜ್ಜಾಡುವುದು, ಚಾವಣಿ ಮೇಲೆ ಬಂದದ್ದು, ಕಿರಿದಾದ ಕವೆಯ ಒಂದು ಕೊಂಬೆ, ಇಷ್ಟನ್ನು ತೆಗೆದು ಗಾಳಿ ತೂರಿ ಹೋಗುವಂತೆ ತೆಳುಗೊಳಿಸಿ. ಒಂದು ವರ್ಷಕ್ಕೆ ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ಬೇಡ.

ಬದಲು ನೆಡುವಾಗ ಸೈಟಿಗೆ ತಕ್ಕದ್ದು ನೆಡಿ. ಮೂವತ್ತು–ನಲವತ್ತಕ್ಕೆ ಕರಿಬೇವು, ಪಾರಿಜಾತ, ನಿಂಬೆ, ಸೀಬೆ, ದಾಳಿಂಬೆ. ದೊಡ್ಡ ಸೈಟಾದರೆ ಗೋಡೆಯಿಂದ ಹದಿನೈದಡಿ ಬಿಟ್ಟು ರಂಜ, ಬೇವು. ನರ್ಸರಿ ಕವರಿನೊಳಗೆ ಬೇರು ಸುರುಳಿ ಸುತ್ತಿದ್ದರೆ ಬಿಡಿಸಿ, ಬಿಡದಿದ್ದರೆ ಕತ್ತರಿಸಿ ನೆಡಿ. ಆ ಸುರುಳಿ ಹಾಗೇ ದಪ್ಪವಾದರೆ ಹದಿನೈದು ವರ್ಷದ ಮೇಲೆ ಮರ ಬೀಳುವುದು ಆ ಕಾರಣಕ್ಕೇ.

ಬಿದ್ದೇ ಬಿಟ್ಟರೆ

ಎಲ್ಲ ಮಾಡಿದರೂ ಒಂದು ಸಂಜೆ ಬೀಳಬಹುದು. ಕತ್ತಲಲ್ಲಿ ಹತ್ತಿರ ಹೋಗಬೇಡಿ. ತಂತಿ ಸಿಕ್ಕಿಕೊಂಡಿದ್ದರೆ 1912ಕ್ಕೆ ಕರೆ ಮಾಡಿ, ಸುತ್ತಮುತ್ತ ನಿಂತ ನೀರಿಗೂ ಕಾಲಿಡಬೇಡಿ. ಬೆಳಗಾದ ಮೇಲೆ ಫೋಟೊ ತೆಗೆದು, ಆಮೇಲೆ ಆಳು ಕರೆಸಿ. ಬುಡ ಕಿತ್ತು ಬಿದ್ದ ಮರದ ಬೇರಿನ ತಟ್ಟೆ ಗೋಡೆಯ ಹಾಗೆ ಎದ್ದು ನಿಂತಿರುತ್ತದೆ, ಕೆಳಗೆ ಗುಂಡಿ. ಮಕ್ಕಳು ಇಳಿಯುವುದು ನೇರ ಅಲ್ಲಿಗೇ. ಬಿದ್ದ ಕಾಂಡದ ಭಾರ ಆ ತಟ್ಟೆಯನ್ನು ಹಿಡಿದಿರುತ್ತದೆ ಅಷ್ಟೆ. ಕಾಂಡವನ್ನು ಬುಡದ ಹತ್ತಿರ ಕೊಯ್ದ ಕ್ಷಣ ಬೊಡ್ಡೆ ತಟ್ಟೆ ಸಮೇತ ಧಡ್ಡೆಂದು ಹಿಂದಕ್ಕೆ ಬಿದ್ದು ಗುಂಡಿ ಮುಚ್ಚಿಕೊಳ್ಳುತ್ತದೆ. ಕೊಯ್ಯಲು ಶುರು ಮಾಡುವ ಮುಂಚೆ ಗುಂಡಿಯಲ್ಲಿ ಯಾರೂ ಇಲ್ಲ ಎಂದು ನೀವೇ ಬಗ್ಗಿ ನೋಡಿ, ಕೆಲಸ ಮುಗಿಯುವತನಕ ಅಲ್ಲೊಬ್ಬರನ್ನು ನಿಲ್ಲಿಸಿ.